ಲೆಕ್ಕ ಬಂದರೂ ಸಹಿ ಹಾಕೋರು ಯಾರು?

ಗೆಳೆಯರೆ, ನಾನು ಬಿ.ಎ. ಓದಿದವನು. ಪದ್ಯ ಬರೀತೀನಿ. ಡೆಬಿಟ್ಟು ಯಾವ ಕಡೆ, ಕ್ರೆಡಿಟ್ಟು ಯಾವ ಕಡೆ ಅಂತ ಕೇಳಿದರೆ ಇವತ್ತಿಗೂ ತಡವರಿಸ್ತೀನಿ. ಆದರೂ ಲೆಕ್ಕಪತ್ರದ ವಿಷಯ ಬರೆಯಲು ಕೂತಿದ್ದೀನಿ. ಕಾರಣ, ನನ್ನ ಹಾಸ್ಟೆಲ್ ರೂಮಿನ ಗೆಳೆಯ ಸಿ.ಎ. ಇಂಟರ್‌ಮೀಡಿಯಟ್‌ನ ಎರಡೂ ಗ್ರೂಪ್ ಪಾಸು ಮಾಡಿ ಆರು ತಿಂಗಳಿಂದ ಬೀದಿ ಅಲೀತಿದ್ದಾನೆ. ಅವನ ಕತೆಗೆ ಆಮೇಲೆ ಬರ್ತೀನಿ.

ಅಮೆರಿಕದಲ್ಲಿ ಸಾರ್ವಜನಿಕ ಲೆಕ್ಕಿಗನಾಗಲು ಲೈಸೆನ್ಸ್ ಕೊಡುವುದು ಒಂದೊಂದು ರಾಜ್ಯ. ಸಿ.ಪಿ.ಎ. ಅಂತಾರೆ. ಇದರ ಮೊದಲ ಕಾಯಿದೆ ಬಂದದ್ದು 1896ರಲ್ಲಿ, ನ್ಯೂಯಾರ್ಕ್‌ನಲ್ಲಿ. ಕಪ್ಪು ಜನರನ್ನು ಹೊರಗಿಡಲು ಕಾಯಿದೆಯಲ್ಲಿ ಬಣ್ಣದ ಮಾತು ಬರೆಯಬೇಕಿರಲಿಲ್ಲ. ಲೈಸೆನ್ಸ್ ಇರುವ ಲೆಕ್ಕಿಗನ ಕೈಕೆಳಗೆ ಇಷ್ಟು ವರ್ಷ ದುಡಿದಿರಬೇಕು ಎಂಬ ಒಂದು ಷರತ್ತು ಸಾಕಿತ್ತು. ಲೈಸೆನ್ಸ್ ಇದ್ದವರು ಬಿಳಿಯರು. ನಮ್ಮದೇನೂ ಅಭ್ಯಂತರವಿಲ್ಲ, ಗಿರಾಕಿಗಳು ಒಪ್ಪಲ್ಲ ಅನ್ನೋದು ಅವರ ಜವಾಬು. ನಮ್ಮೂರ ಹೋಟೆಲಿನವನೂ ಇದನ್ನೇ ಹೇಳ್ತಿದ್ದ.

ಜಾನ್ ಕ್ರಾಮ್‌ವೆಲ್ ಅಂತ ಒಬ್ಬ. ಅವನಪ್ಪ ಗುಲಾಮನಾಗಿ ಹುಟ್ಟಿದವನು. ಮಗ 1906ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಪದವಿ ಪಡೆದ, ಗಣಿತದಲ್ಲಿ ಹುಲಿ. ಆದರೆ ಕೈಕೆಳಗೆ ಸೇರಿಸಿಕೊಳ್ಳುವ ಬಿಳಿ ಲೆಕ್ಕಿಗ ಸಿಗಲಿಲ್ಲ. ವಾಷಿಂಗ್ಟನ್ನಿನ ಕಪ್ಪು ಮಕ್ಕಳ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ಕೊನೆಗೆ ಅನುಭವ ಕೇಳದ ನ್ಯೂ ಹ್ಯಾಂಪ್‌ಶೈರ್ ರಾಜ್ಯಕ್ಕೆ ಹೋಗಿ ಪರೀಕ್ಷೆ ಬರೆದು 1921ರಲ್ಲಿ ಮೊದಲ ಕಪ್ಪು ಸಿ.ಪಿ.ಎ. ಆದ. ಪದವಿಯಿಂದ ಲೈಸೆನ್ಸಿಗೆ ಹದಿನೈದು ವರ್ಷ! ಅವನಿಗೆ ಲೆಕ್ಕ ಬರ್ತಿರಲಿಲ್ಲ ಅಂತೀರಾ?

ಇನ್ನೊಬ್ಬಳು ಮೇರಿ ವಾಷಿಂಗ್ಟನ್. ಶಿಕಾಗೋದಲ್ಲಿ ಕಪ್ಪು ಜನರ ಬ್ಯಾಂಕೊಂದರಲ್ಲಿ, ಆಗಲೇ ಸಿ.ಪಿ.ಎ. ಆಗಿದ್ದ ಆರ್ಥರ್ ವಿಲ್ಸನ್ ಎಂಬ ನಮ್ಮಂಥವನ ಕೈಕೆಳಗೆ ಕೆಲಸ ಕಲಿತಳು. 1943ರಲ್ಲಿ ಲೈಸೆನ್ಸ್ ಪಡೆದಳು, ಕಪ್ಪು ಹೆಂಗಸರಲ್ಲಿ ಮೊದಲನೆಯವಳು. ನನಗೆ ಮುಖ್ಯ ಅನ್ನಿಸೋದು ಆಮೇಲಿನದು. ಬೇರೆಲ್ಲೂ ಬಾಗಿಲು ತೆರೆಯದ ಕಪ್ಪು ಹುಡುಗರು ದೂರದೂರದ ಊರುಗಳಿಂದ ಅವಳ ಕಚೇರಿಗೆ ಬಂದು ಅನುಭವ ಸಂಪಾದಿಸಿದರು. ಒಬ್ಬಳ ಸಹಿ ಎಷ್ಟು ಜನರಿಗೆ ದಾರಿಯಾಯ್ತು ನೋಡಿ. (2025ರಲ್ಲಿ ಒಹಾಯೊ ರಾಜ್ಯ ಕಾಯಿದೆ ತಿದ್ದಿ, ಐದನೇ ವರ್ಷದ ಓದಿನ ಬದಲು ಎರಡು ವರ್ಷದ ಅನುಭವವೂ ಆದೀತು ಅಂದಿದೆ. ಫೀಜು ಉಳಿಯುತ್ತೆ, ಸರಿ. ಕೆಲಸ ಕೊಡುವವನ ಕೈ ಮತ್ತೆ ಮೇಲಾಗುತ್ತೆ, ಅದನ್ನೂ ನೋಡ್ತಿರಬೇಕು.)

ಬಾಬಾಸಾಹೇಬರೂ ಬರೋಡಾದ ಅವಮಾನದ ನಂತರ ಮುಂಬಯಿಯಲ್ಲಿ ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಕಚೇರಿ ತೆರೆದಿದ್ದರು. ಜಾತಿ ತಿಳಿದದ್ದೇ ತಡ ಗಿರಾಕಿಗಳು ಬರೋದು ನಿಲ್ಲಿಸಿದರು. ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲಿ ಪುಸ್ತಕ ಬರೆದ ಮನುಷ್ಯನ ಗತಿ ಇದು.

ಈಗ ನಮ್ಮಲ್ಲಿಗೆ ಬನ್ನಿ. 2023ರ ಹೊಸ ನಿಯಮದಂತೆ ಇಂಟರ್‌ಮೀಡಿಯಟ್ ಮುಗಿಸಿದವನು ಎರಡು ವರ್ಷ ಒಬ್ಬ ಸಿ.ಎ. ಹತ್ತಿರ ಆರ್ಟಿಕಲ್‌ಶಿಪ್ ಮಾಡಬೇಕು. ಅದಿಲ್ಲದೆ ಫೈನಲ್ ಇಲ್ಲ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನೋದು ಆ ಸಿ.ಎ. ಇಷ್ಟ, ಇದರಲ್ಲಿ ಮೀಸಲಾತಿ ಇಲ್ಲ. ಪರೀಕ್ಷೆ ಬರೆಯಲು ಇಂಗ್ಲಿಷ್ ಉಂಟು, ಹಿಂದಿ ಉಂಟು, ಕನ್ನಡ ಇಲ್ಲ. ನನ್ನ ಗೆಳೆಯ ಇದನ್ನೆಲ್ಲ ದಾಟಿ ಬಂದವನು. ಒಂದು ಕಚೇರಿಯಲ್ಲಿ ಮಾರ್ಕ್ಸ್ ಕಾರ್ಡು ನೋಡಿ ಭೇಷ್ ಅಂದರಂತೆ. ಆಮೇಲೆ 'ಊರಲ್ಲಿ ಮನೆ ಯಾವ ಕಡೆ?' ಅಂದರಂತೆ. ಇವನು ಹೇಳಿದ. ತಿಳಿಸ್ತೀವಿ ಅಂದರು. ಇನ್ನೂ ತಿಳಿಸ್ತಾನೇ ಇದ್ದಾರೆ.

ನಮಗ್ಯಾಕೆ ಈ ದುಡ್ಡಿನವರ ವಿದ್ಯೆ ಅಂತ ನಮ್ಮಲ್ಲೇ ಕೆಲವರು ಕೇಳ್ತಾರೆ. ನಮ್ಮ ಪಾಲಿನ ಹಣ ಎಲ್ಲಿ ಹೋಯ್ತು ಅಂತ ಓದೋರು ಯಾರು ಸ್ವಾಮಿ? ಕರ್ನಾಟಕದಲ್ಲಿ 2013ರಲ್ಲಿ ಪರಿಶಿಷ್ಟರ ಉಪಯೋಜನೆಯ ಕಾಯಿದೆ ಬಂತು. ಅದರೊಳಗಿನ 7(ಡಿ) ಎಂಬ ಕಂಡಿಯಿಂದ, ನಮಗಾಗಿಯೇ ಖರ್ಚಾಗದ ಹಣವನ್ನೂ ನಮಗೇ ಖರ್ಚಾಯ್ತು ಅಂತ ತೋರಿಸಬಹುದಿತ್ತು. ಅದನ್ನು ತೆಗೆಸಲು 2023 ಬರಬೇಕಾಯ್ತು. ಘೋಷಣೆ ಕೂಗೋಕೆ ನಾನಿದ್ದೀನಿ. ಲೆಡ್ಜರ್ ಬಿಚ್ಚಿ ಬೆರಳಿಟ್ಟು ತೋರಿಸುವವನೂ ಪಕ್ಕದಲ್ಲಿ ಬೇಕು. ಬಿ.ಎ. ಗೆಳೆಯರೂ ಕೇಳಿ: ಪದವಿಯಲ್ಲಿ ಶೇಕಡ 60 ಇದ್ದರೆ ಫೌಂಡೇಶನ್ ಇಲ್ಲದೆ ನೇರ ಇಂಟರ್‌ಮೀಡಿಯಟ್‌ಗೆ ಸೇರಬಹುದು. ಕಾಮರ್ಸಿನವರಿಗೆ 55 ಸಾಕು.

ನಮ್ಮವರಲ್ಲೇ ಸಿ.ಎ. ಆದವರಿದ್ದಾರೆ. ಹೆಸರಿನ ಬಾಲ ಬದಲಿಸಿಕೊಂಡವರೂ ಇದ್ದಾರೆ, ಅವರ ಕಷ್ಟ ಅವರಿಗೆ. ಸಭೆಗೆ ಬರದಿದ್ದರೂ ಪರವಾಗಿಲ್ಲ, ವರ್ಷಕ್ಕೊಬ್ಬ ಹಾಸ್ಟೆಲ್ ಹುಡುಗನನ್ನೋ ಹುಡುಗಿಯನ್ನೋ ಸೇರಿಸಿಕೊಳ್ಳಲಿ. ಅಂಥವರು ಗೊತ್ತಿದ್ದರೆ ಮುಂದಿನ ಸಭೆಯಲ್ಲಿ ನನ್ನ ಕಿವಿಗೆ ಹಾಕಿ. ನನ್ನ ಗೆಳೆಯನಿಗೆ ಟ್ಯಾಲಿ ಚೆನ್ನಾಗಿ ಬರುತ್ತೆ, ಇಂಗ್ಲಿಷ್ ಮಾತಾಡುವಾಗ ಸ್ವಲ್ಪ ಬೆವರ್ತಾನೆ. ಸೋಮವಾರದಿಂದಲೇ ಕೆಲಸಕ್ಕೆ ಬರ್ತಾನೆ.