ಡಾಕ್ಟರ್ ಮೇಷ್ಟ್ರಿಗೆ ಮೂರು ದಿನ ಸಾಕೇ?

220 ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ತಜ್ಞವೈದ್ಯರು ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಎರಡು ವರ್ಷ ದುಡಿದವರು ಸೀನಿಯರ್ ರೆಸಿಡೆನ್ಸಿ ಇಲ್ಲದೆಯೇ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗ 2025ರಲ್ಲಿ ಹೊರಡಿಸಿದ ಈ ನಿಯಮವನ್ನು ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಲ್ಲಿ ಹಲವರು ವಿರೋಧಿಸಿದರು. ಬೋಧನೆಯ ಗುಣಮಟ್ಟ ಕುಸಿಯುತ್ತದೆ ಎಂಬುದು ಅವರ ದೂರು.

ಈ ದೂರು ಹೇಳುವವರನ್ನೇ ಒಂದು ಮಾತು ಕೇಳಬೇಕು: ಸ್ವಾಮಿ, ತಮಗೆ ಪಾಠ ಮಾಡುವುದನ್ನು ಕಲಿಸಿದವರು ಯಾರು? ಎಂ.ಡಿ. ಮುಗಿಸಿ, ರೆಸಿಡೆನ್ಸಿ ಮಾಡಿ, ನೇರ ತರಗತಿಗೆ ಹೋದವರೇ ಹೆಚ್ಚು. ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್ ಇದೆ, ನಿಜ. ಅದು ಮೂರು ದಿನದ್ದು. ಒಂದನೇ ತರಗತಿಯ ಮಗುವಿಗೆ ಅಕ್ಷರ ಕಲಿಸುವವರು ಎರಡು ವರ್ಷ ಡಿ.ಇಎಲ್.ಇಡಿ. ಓದಿ, ಟಿಇಟಿ ಪಾಸಾಗಬೇಕಾದ ದೇಶ ಇದು. ಆಸ್ಪತ್ರೆಯೊಳಗೇ ನೋಡಿ: ಎಂ.ಎಸ್ಸಿ. ನರ್ಸಿಂಗ್ ಓದುವವರಿಗೆ ನರ್ಸಿಂಗ್ ಶಿಕ್ಷಣವೇ ಒಂದು ಪತ್ರಿಕೆ. ಡಾಕ್ಟರುಗಳಿಗೆ ಮಾತ್ರ ಆ ವಿದ್ಯೆ ಹುಟ್ಟಿನಿಂದಲೇ ಬರುತ್ತದೆಂದು ನಂಬಿದ್ದೇವೆ.

ಬರುವುದಿಲ್ಲ. ರೌಂಡ್ಸ್ ವೇಳೆ ರೋಗಿಯ ಎದುರೇ ವಿದ್ಯಾರ್ಥಿಯ ಮಾನ ಕಳೆಯುವುದನ್ನು ನಮ್ಮಲ್ಲಿ ಬೋಧನೆಯೆಂದೇ ಎಣಿಸಿದವರಿದ್ದಾರೆ. 2019ರಲ್ಲಿ ಜಾರಿಯಾದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಇದಕ್ಕಿಂತ ಬಹಳ ಹೆಚ್ಚಿನದನ್ನು ಕೇಳುತ್ತದೆ. ರೋಗಿಯೊಡನೆ ಹೇಗೆ ಮಾತಾಡಬೇಕು, ಒಪ್ಪಿಗೆ ಹೇಗೆ ಪಡೆಯಬೇಕು, ಕೆಟ್ಟ ಸುದ್ದಿಯನ್ನು ಮನೆಯವರಿಗೆ ಹೇಗೆ ತಿಳಿಸಬೇಕು ಎಂಬುದನ್ನೆಲ್ಲ ಕಲಿಸಬೇಕು, ಅಳೆಯಬೇಕು, ಎಡವಿದವರನ್ನು ತಿದ್ದಬೇಕು. ಪರೀಕ್ಷೆ ರೂಪಿಸುವುದೇ ಒಂದು ಶಾಸ್ತ್ರ. ಮೂರು ದಿನದ ಕಾರ್ಯಾಗಾರದಲ್ಲಿ ಊಟ, ಉದ್ಘಾಟನೆ, ಗ್ರೂಪ್ ಫೋಟೊ ಕಳೆದರೆ ಉಳಿಯುವ ಹೊತ್ತಿಗೆ ಇದು ದಕ್ಕುವ ಮಾತಲ್ಲ. ಇನ್ನು, ಎರಡು ವರ್ಷದ ಅನುಭವದ ಮೇಲೆ ಬರುವವರಿಗೆ ಹೊಸ ನಿಯಮ ಗಡುವು ಹಾಕಿರುವುದು ಸಂಶೋಧನೆಯ ಬೇಸಿಕ್ ಕೋರ್ಸಿಗೆ!

ಪಾಠ ಮಾಡುವುದನ್ನೂ ಕಲಿಯಬೇಕೆಂಬುದನ್ನು ಜಗತ್ತು ಎಂದೋ ಅರಿತಿದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ವೈದ್ಯಕೀಯ ಶಿಕ್ಷಣಕ್ಕೆಂದೇ ವಿಭಾಗ ಕಟ್ಟಿದ್ದು 1959ರಲ್ಲಿ. ಪುದುಚೇರಿಯ ಜಿಪ್ಮರ್‌ನಲ್ಲಿ ಶಿಕ್ಷಕರ ತರಬೇತಿ ಕೇಂದ್ರ 1970ರ ದಶಕದಿಂದ ಇದೆ. ನಮ್ಮ ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನಲ್ಲೂ ಆಯೋಗ ಗುರುತಿಸಿದ ಕೇಂದ್ರವಿದೆ. ಆರೋಗ್ಯ ವೃತ್ತಿ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಯೂ ದೇಶದಲ್ಲಿ ಸಿಗುತ್ತದೆ. ಆಸಕ್ತಿಯಿದ್ದವರು ಸ್ವಂತ ಖರ್ಚಿನಲ್ಲಿ ಓದುತ್ತಾರೆ, ಉಳಿದವರು ಪ್ರಕಟಿತ ಪ್ರಬಂಧ ತೋರಿಸಿ ಬಡ್ತಿ ಪಡೆಯುತ್ತಾರೆ.

ಬೋಧನೆಯ ವ್ಯಾಸಂಗವನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಅದೂ ಇನ್ನೊಂದು ಸರ್ಟಿಫಿಕೇಟ್ ದಂಧೆಯಾಗುವುದಿಲ್ಲವೇ? ಆನ್‌ಲೈನ್ ವಿಡಿಯೊ ಓಡಿಸಿ ಮುಗಿಸುವುದಾದರೆ ಖಂಡಿತ ಆಗುತ್ತದೆ. ಆದ್ದರಿಂದಲೇ ವಾರ್ಡಿನಲ್ಲಿ ಪಾಠ ಮಾಡಿ, ಇನ್ನೊಬ್ಬ ಅಧ್ಯಾಪಕರಿಂದ ತಿದ್ದಿಸಿಕೊಳ್ಳುವ ವ್ಯಾಸಂಗವೇ ಬೇಕು. ಜಿಲ್ಲಾಸ್ಪತ್ರೆಯ ವೈದ್ಯರು ಪ್ರೊಫೆಸರ್ ಆಗುವುದಕ್ಕೆ ನನ್ನ ತಕರಾರಿಲ್ಲ. ರೋಗಿಗಳನ್ನು ಅವರಷ್ಟು ಕಂಡವರು ಕಡಿಮೆ.

ಐದು ವರ್ಷದಲ್ಲಿ 75,000 ಹೊಸ ವೈದ್ಯಕೀಯ ಸೀಟು ಎಂದು ಕೇಂದ್ರ ಘೋಷಿಸಿದೆ. ಅಷ್ಟು ವಿದ್ಯಾರ್ಥಿಗಳಿಗೆ ಕಲಿಸಬಲ್ಲವರೂ ಬೇಕಲ್ಲ. ಎಂ.ಡಿ.ಗೆ ಸೇವಾನಿರತ ಕೋಟಾ ಇರುವಂತೆ ಈ ವ್ಯಾಸಂಗಕ್ಕೂ ಸಂಬಳ ಸಹಿತ ಸೀಟುಗಳನ್ನು ರಾಜ್ಯ ಸರ್ಕಾರ ಕೊಡಲಿ. ಅದನ್ನು ಮುಗಿಸದವರಿಗೆ, ಯಾವ ಬಾಗಿಲಿನಿಂದ ಒಳಬಂದವರೇ ಆಗಿರಲಿ, ಪ್ರೊಫೆಸರ್ ಹುದ್ದೆ ಇಲ್ಲವೆಂದು ಆಯೋಗ ಬರೆಯಲಿ.