ಬಿಡುವಿನ ವೇಳೆ ಮತ್ತು ಛಾಯಾಚಿತ್ರ

ಅಡಾಜಣದ ನಮ್ಮ ತರುಣರಲ್ಲಿ ಛಾಯಾಚಿತ್ರದ ಹವ್ಯಾಸ ಹಬ್ಬುತ್ತಿದೆ. ಗಿರಣಿಯ ಪಾಳಿ ಮುಗಿಸಿದವರು ತಾಪಿಯ ದಂಡೆಯಲ್ಲಿ ಹಕ್ಕಿಗಳಿಗಾಗಿ ಕಾಯುತ್ತಾರೆ. ಹೋಟೆಲು ಮುಚ್ಚಿದ ಮೇಲೆ ಕೆಲವರು ಮಾಳಿಗೆಯೇರಿ ನಕ್ಷತ್ರಗಳ ಚಿತ್ರ ತೆಗೆಯುತ್ತಾರೆ. ರಜೆಯ ದಿನ ನದಿ ದಾಟಿ ಹೋಗಿ ರೈಲುಗಳದ್ದು. “ಹೊಟ್ಟೆಪಾಡಿಗೆ ಬಂದವರಿಗೆ ಈ ಶೋಕಿ ಏಕೆ?” ಎಂದು ಕೆಲವು ಹಿರಿಯರು ಗೊಣಗುತ್ತಾರೆ. ನಾವು ಈ ಮಾತನ್ನು ಒಪ್ಪುವುದಿಲ್ಲ. ಕಾರ್ಮಿಕರು ಹೋರಾಡಿ ವಾರದ ರಜೆ ಪಡೆದದ್ದು ಬರೀ ಮಲಗುವುದಕ್ಕಲ್ಲ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳರು (1932–2017) ವನ್ಯಜೀವಿಗಳ ಚಿತ್ರಗಳಿಂದ ಹೆಸರಾದವರು. ಆಗ ಒಂದು ಫಿಲ್ಮ್ ಸುರುಳಿಯಲ್ಲಿ 36 ಚಿತ್ರ, ಪ್ರತಿಯೊಂದಕ್ಕೂ ದುಡ್ಡು. ಈಗ ಜೇಬಿನ ಮೊಬೈಲಿನಿಂದಲೇ ಆರಂಭಿಸಬಹುದು. ನಕ್ಷತ್ರಗಳಿಗೆ ಅದನ್ನು ಅಲುಗದಂತೆ ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದರಾಯಿತು. ತಾಳ್ಮೆಯನ್ನು ಮಾತ್ರ ನಾವೇ ತರಬೇಕು. ಗೂಡಿನ ಹತ್ತಿರ ನುಗ್ಗಿದರೆ ತಾಯಿಹಕ್ಕಿ ಬೆದರಿ ಗೂಡನ್ನೇ ಬಿಟ್ಟೀತು.

ರೈಲಿನ ವಿಷಯದಲ್ಲಿ ನಮಗೆ ನಿಜವಾಗಿ ಭಯವಿದೆ. ಗಂಟೆಗೆ 100 ಕಿಲೋಮೀಟರು ವೇಗದ ಗಾಡಿ ಒಂದೇ ಸೆಕೆಂಡಿನಲ್ಲಿ ಸುಮಾರು 28 ಮೀಟರು ಧಾವಿಸುತ್ತದೆ. ಮೊಬೈಲಿನಲ್ಲಿ ದೂರ ಕಾಣುವ ಎಂಜಿನು ಅಷ್ಟರಲ್ಲೇ ಎದುರಿಗೆ ಬಂದಿರುತ್ತದೆ. ಹಳಿಯ ಮೇಲೆ ಅತಿಕ್ರಮವಾಗಿ ಹೋಗುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು. ತಮ್ಮಂದಿರೇ, ಹಳಿಯಿಂದ ದೂರ, ಬೇಲಿಯ ಹೊರಗೆ ನಿಂತು ತೆಗೆಯಿರಿ. ಊರಿನಲ್ಲಿ ತಾಯಿ ಹಬ್ಬಕ್ಕೆ ಕಾಯುತ್ತಿರುವುದು ಮಗನಿಗಾಗಿ, ಅವನು ತೆಗೆದ ಚಿತ್ರಕ್ಕಾಗಿ ಅಲ್ಲ.

ಗೊಣಗುವ ಹಿರಿಯರಲ್ಲಿಯೂ ಒಂದು ವಿನಂತಿ. ಸಂಘದ ಕೋಣೆಯ ಗೋಡೆ ಬರಿದಾಗಿದೆ. ಹುಡುಗರ ಚಿತ್ರಗಳನ್ನು ಅಲ್ಲಿ ತೂಗಹಾಕೋಣ. ಒಮ್ಮೆ ಬಂದು ನೋಡಿ, ಆಮೇಲೆ ಗೊಣಗಿರಿ.