ಪರದೆಯ ಮೇಲೆ ಮದುವೆ, ದಫ್ತರದಲ್ಲಿ ವಜಾ

ನಮ್ಮ ಯುದ್ಧದ ಸಿನಿಮಾಗಳಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಎರಡೇ ಕೆಲಸ. ಹೊರಟವನ ಹಣೆಗೆ ತಿಲಕವಿಡುವುದು, ಬಾರದವನಿಗಾಗಿ ಅಳುವುದು. ಆದ್ದರಿಂದ 1990ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ ಬಂದಾಗ ಹೆಂಗಸರು ಹಿಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡನೇ ಮಹಾಯುದ್ಧದ ಕಾಲದಿಂದ ಶುರುವಾಗುವ ಪ್ರೇಮಕಥೆ. ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ನರ್ಸ್ ಅನ್ನಪೂರ್ಣಳಾಗಿ ಸುಹಾಸಿನಿ. ನಾಯಕಿಗೆ ಕೈಯಲ್ಲೊಂದು ವಿದ್ಯೆಯಿದೆ, ಉದ್ಯೋಗವಿದೆ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ಸೋದರಿಯರೇ, ಯೋಧನೂ ನರ್ಸೂ ಮದುವೆಯಾಗುವುದನ್ನು ನೋಡಿ ನಾವು ಕಣ್ಣೊರೆಸಿಕೊಂಡೆವಲ್ಲ, ಅದಕ್ಕೆ ಎರಡೇ ವರ್ಷ ಮೊದಲು ನಿಜವಾದ ಸೈನ್ಯದಲ್ಲಿ ಏನು ನಡೆದಿತ್ತು ಗೊತ್ತೇ? ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು 1988ರಲ್ಲಿ ಕೆಲಸದಿಂದ ತೆಗೆದರು. ಅವರು ಮಾಡಿದ ಅಪರಾಧ, ಸೈನ್ಯದ ಅಧಿಕಾರಿಯೊಬ್ಬರನ್ನು ಮದುವೆಯಾದದ್ದು! ನರ್ಸ್ ಮದುವೆಯಾದರೆ ನೌಕರಿ ಬಿಡಿಸಬಹುದೆಂದು 1977ರ ಸೇನಾ ಆದೇಶವೊಂದು ಹೇಳುತ್ತಿತ್ತು. ಅದು ಹೆಂಗಸರಿಗೆ ಮಾತ್ರ. ತಾಳಿ ಕಟ್ಟಿದವನ ನೌಕರಿಗೆ ಏನೂ ಆಗಲಿಲ್ಲ, ಕಟ್ಟಿಸಿಕೊಂಡವಳದ್ದು ಹೋಯಿತು. ಆ ಆದೇಶ ರದ್ದಾದದ್ದು 1995ರಲ್ಲಿ. ಇದು ಲಿಂಗ ತಾರತಮ್ಯವೆಂದು ಸುಪ್ರೀಂ ಕೋರ್ಟು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತೈದು ವರ್ಷ ದಾಟಿತ್ತು.

ಸಿನಿಮಾದ ಕಥೆ ಹಳೆಯ ಕಾಲದ್ದು, ಆದೇಶ ಆಮೇಲಿನದು ಎಂದು ಯಾರಾದರೂ ವಾದಿಸಬಹುದು. ಒಪ್ಪೋಣ. ಆದರೆ ಸಿನಿಮಾ ನೋಡಿದ ನಾವು 1990ರವರು. ನರ್ಸಿನ ಪ್ರೇಮ ನಮಗೆ ಕಂಡಿತು, ನರ್ಸಿನ ನೌಕರಿ ಹೋದದ್ದು ಕಾಣಲಿಲ್ಲ.

ವೈವಿಧ್ಯದ ಮಾತೂ ಬರುತ್ತದೆ. ಕೊಡವರನ್ನು ಪರದೆಗೆ ತಂದರೆಂದು ಹೊಗಳಿದೆವು. ಉಡುಪು ಬಂತು, ಬೆಟ್ಟ ಬಂತು, ಭಾಷೆ ಮಾತ್ರ ಹಿಂದೆ ಉಳಿಯಿತು. ಕೊಡವ ಭಾಷೆಯ ಮೊದಲ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ 1972ರಷ್ಟು ಹಿಂದೆಯೇ ಬಂದಿತ್ತು. ಅದೇ ವರ್ಷ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು. ಅದರಲ್ಲಿ ಒನಕೆ ಓಬವ್ವನಾಗಿ ಜಯಂತಿಯವರನ್ನು ಯಾರು ಮರೆತಾರು? ನಮ್ಮ ಅಜ್ಜಂಪುರದ ಆಚೆಯ ಚಿತ್ರದುರ್ಗದವಳು, ಛಲವಾದಿ ಸಮುದಾಯದ ಹೆಣ್ಣುಮಗಳು, ಕಾವಲುಗಾರನ ಹೆಂಡತಿ. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ ತಾನೇ ಒನಕೆ ಎತ್ತಿದಳೆಂದು ಜನ ಹೇಳುತ್ತಾರೆ. ಯುದ್ಧವೂ ಇದೆ, ದಾಂಪತ್ಯವೂ ಇದೆ. ಆದರೂ ಅವಳಿಗೆ ಸಿಕ್ಕಿದ್ದು ಒಂದು ಹಾಡಿನಷ್ಟು ಜಾಗ. ಪೂರ್ತಿ ಮೂರು ಗಂಟೆ ಪ್ರೀತಿಸುವ ಹಕ್ಕು ಯಾವ ಜಾತಿಯ, ಯಾವ ಅಂತಸ್ತಿನ ಹೆಣ್ಣಿಗೆ ಸಿಗುತ್ತದೆ ಎಂದು ನಾವು ಕೇಳಬೇಡವೇ?

ಇದು ಇಂದಿನ ರೋಗವಲ್ಲ. ನಮ್ಮ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನೇ ಇಮ್ಮಡಿ ಬಲ್ಲಾಳನ ಒಬ್ಬ ದಂಡನಾಯಕ. ಗೋಡೆಯ ಮೇಲೆ ರಾಮಾಯಣ, ಮಹಾಭಾರತ ಕೆತ್ತಿದ್ದಾರೆ. ಆ ಕಾಲದ ಸಾಮಾನ್ಯ ಯೋಧನ ಹೆಂಡತಿಯನ್ನು ನೋಡಬೇಕೆಂದರೆ ನಮ್ಮ ನಾಡಿನ ಮಾಸ್ತಿಕಲ್ಲುಗಳನ್ನೇ ಹುಡುಕಬೇಕು. ಬಳೆ ತೊಟ್ಟ ಒಂದು ಕೈ, ಅಷ್ಟೇ. ಗಂಡನ ಹಿಂದೆ ಸತ್ತರೆ ಮಾತ್ರ ಕಲ್ಲು! ಬದುಕಿ ಮಕ್ಕಳನ್ನು ಸಾಕಿದವಳಿಗೆ ಯಾವ ಕಲ್ಲೂ ಇಲ್ಲ.

ಸಂಘದ ಅಕ್ಕತಂಗಿಯರಿಗೆ ನಾನು ಹೇಳಬೇಕಿಲ್ಲ, ಮಿಲಿಟರಿ ಹುಡುಗನೆಂದರೆ ಪಿಂಚಣಿ ಇದೆ, ಕ್ಯಾಂಟೀನ್ ಇದೆ ಎಂದು ವರದಕ್ಷಿಣೆಯ ರೇಟು ಹೇಗೆ ಏರುತ್ತದೆ ಎಂಬುದನ್ನು. ಅವನು ತೀರಿಕೊಂಡರೆ? ಶೌರ್ಯಪ್ರಶಸ್ತಿ ಪಡೆದ ಯೋಧನ ವಿಧವೆಗೆ ಒಂದು ಭತ್ಯೆ ಬರುತ್ತದೆ. ಅವಳು ಮರುಮದುವೆಯಾದರೂ ಅದು ಉಳಿಯಬೇಕಾದರೆ ಸತ್ತ ಗಂಡನ ಒಡಹುಟ್ಟಿದವನನ್ನೇ ಕಟ್ಟಿಕೊಳ್ಳಬೇಕೆಂಬ ಷರತ್ತನ್ನು ರಕ್ಷಣಾ ಇಲಾಖೆ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಅತ್ತೆಮನೆಯ ಒಳಗೆ ಆ ಹೆಂಗಸಿನ ಮೇಲೆ ಎಂಥ ಒತ್ತಡ ಬಿದ್ದಿರಬೇಕು, ನೀವೇ ಊಹಿಸಿ. ಹಣ ಮನೆಯಲ್ಲೇ ಉಳಿಯಲಿ ಎಂದು ಮಾವ, ಅವಳೂ ಉಳಿಯಲಿ ಎಂದು ಮೈದುನ. ಇಷ್ಟವಿಲ್ಲವೆಂದರೆ ಭತ್ಯೆಯಿಲ್ಲ. ಇದರಲ್ಲಿ ಯುದ್ಧವಿದೆ, ಸತ್ತವನ ಮೇಲಿನ ಪ್ರೀತಿಯಿದೆ, ಬದುಕುವ ಆಸೆಯಿದೆ. ಪ್ರೇಮಕಥೆ ಬೇಕೆನ್ನುವ ನಿರ್ಮಾಪಕರಿಗೆ ಇನ್ನೇನು ಬೇಕು?